ದೊರೆ ಮಲಗಿದ ಮಧ್ಯಾಹ್ನ

ತಂದೆ ತೀರಿಕೊಂಡಾಗ ದೊರೆ ಇನ್ನೂ ಹಾಲುಹಲ್ಲಿನ ಹುಡುಗ. ಹೆಂಗಸರ ನಡುವೆ ಬೆಳೆದರೆ ಕೆಟ್ಟುಹೋಗುತ್ತಾನೆಂದು ಬ್ರಿಟಿಷ್ ರೆಸಿಡೆಂಟ್ ಸಾಹೇಬರು ಅವನನ್ನು ದೂರದ ಶಾಲೆಗೆ ಕಳಿಸಿಬಿಟ್ಟರು. ತಾಯಿಯಿಲ್ಲದ ಆ ಕೂಸನ್ನು ಎತ್ತಿ ಆಡಿಸಿದ್ದ ಸೋದರತ್ತೆ ಅರಮನೆಯ ಮೇಲಿನ ಕೋಣೆಯಲ್ಲಿ ದಾರಿ ಕಾಯುತ್ತ ಉಳಿದಳು.

ಈಗ ಮೀಸೆ ಚಿಗುರಿದ ದೊರೆ ಅಧಿಕಾರ ವಹಿಸಿಕೊಳ್ಳಲು ಬಂದಿದ್ದ. ದರ್ಬಾರಿಗೆ ಮುಂಚೆ ಅತ್ತೆಗೆ ನಮಸ್ಕರಿಸಲು ಬಂದವನು ಬಾಗಿಲಲ್ಲೇ ಬೂಟು ಕಳಚಿದ. ಕಿಟಕಿಯ ಬಿಳಿ ಪರದೆ ಉಸಿರಾಡುವಂತೆ ಉಬ್ಬಿ ಇಳಿಯುತ್ತಿತ್ತು. ಅಂಗಳದಲ್ಲಿ ಬ್ಯಾಂಡಿನವರು ನುಡಿಸುತ್ತಿದ್ದುದು ನೀರಿನಾಳದಿಂದ ಬಂದಂತೆ ಕೇಳುತ್ತಿತ್ತು.

“ಎಷ್ಟು ಸೊರಗಿದ್ದೀಯೋ ಪುಟ್ಟ,” ಎಂದಳು ಅತ್ತೆ.

“ಅಲ್ಲಿ ಗಂಟೆ ಹೊಡೆದ್ರೆ ಮಲಗ್ಬೇಕು, ಗಂಟೆ ಹೊಡೆದ್ರೆ ಏಳ್ಬೇಕು. ನಿದ್ದೆ ಮಾತ್ರ ಗಂಟೆ ಮಾತು ಕೇಳಲ್ಲ ಅತ್ತೆ.”

ಸ್ವಲ್ಪ ಹೊತ್ತು ಎಂದು ಅವಳ ತೊಡೆಯ ಮೇಲೆ ತಲೆಯಿಟ್ಟ. ಪೇಟ ಪಕ್ಕಕ್ಕೆ ಉರುಳಿತು. ಅವನಿಗೆ ಖಬರಿಲ್ಲ.

ದಿವಾನರು ಬೆಕ್ಕಿನ ಹೆಜ್ಜೆಯಲ್ಲಿ ಬಂದರು. “ಅಮ್ಮನವರೇ, ಸಾಹೇಬರು ಬಂದು ಕೂತಿದ್ದಾರೆ.”

“ಕೂತಿರ್ಲಿ. ಕುರ್ಚಿ ನಮ್ಮದೇ ತಾನೆ?”

“ಎಬ್ಬಿಸ್ಬೇಕಲ್ಲಾ…”

“ನನ್ನ ಕೈಲಾಗಲ್ಲ. ನೀವೇ ಎಬ್ಬಿಸಿ.”

ದಿವಾನರಿಗೆ ಅತ್ತ ದರಿ, ಇತ್ತ ಪುಲಿ. ಕೈ ಚಾಚಿದರು; ಬಾಯಿ ತೆರೆದು ಮಲಗಿದ್ದ ಆ ಮುಖ ನೋಡಿ ಹಿಂದೆಗೆದರು. ಬಂದ ಹಾಗೆಯೇ ಇಳಿದುಹೋದರು.

ಅತ್ತೆಯ ಕಾಲು ಜೋಮು ಹಿಡಿಯಿತು. ಬಿಸಿಲು ಗೋಡೆಯೇರುತ್ತ ಹಳದಿಯಾಯಿತು. ಬ್ಯಾಂಡು ಯಾವಾಗ ನಿಂತಿತೋ. ಅರಮನೆಯೇ ಹಗ್ಗ ಬಿಚ್ಚಿದ ದೋಣಿಯಂತೆ ಎತ್ತಲೋ ತೇಲುತ್ತಿದೆ, ಅದರಲ್ಲಿ ತಾವಿಬ್ಬರೇ ಇದ್ದೇವೆ ಎನ್ನಿಸಿತು ಅವಳಿಗೆ. ದಡ ಸಿಗದಿದ್ದರೂ ಚಿಂತೆಯಿರಲಿಲ್ಲ.

ದೊರೆ ಕಣ್ಣು ಬಿಟ್ಟಾಗ ಆಳುಗಳು ದೀಪ ಹಚ್ಚುತ್ತಿದ್ದರು. ಸಾಹೇಬರು ಎದ್ದು ಹೋಗಿದ್ದರು. ಮರುದಿನ ಅವರ ಅಪ್ಪಣೆ ಬಂತು: ದೊರೆಗೆ ಇನ್ನೂ ಜವಾಬ್ದಾರಿ ಬಂದಿಲ್ಲ, ಮತ್ತೊಂದು ವರ್ಷ ರಾಜ್ಯವನ್ನು ನಾವೇ ನೋಡಿಕೊಳ್ಳುತ್ತೇವೆ.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡಿಬಿಟ್ಟೆನಲ್ಲೋ.”

“ಅಳಬೇಡಿ ಅತ್ತೆ. ಶಾಲೆಗೆ ಕಳಿಸೋ ವಯಸ್ಸು ದಾಟಿದೆ, ಪಟ್ಟ ಕಟ್ಟೋ ವಯಸ್ಸು ಆಗಿಲ್ಲವಂತೆ. ಇನ್ನೆಲ್ಲಿಗೆ ಕಳಿಸ್ತಾರೆ? ಇಲ್ಲೇ ಇರ್ತೀನಿ.”

ಅವಳಿಗೆ ಅಳುವಿನ ನಡುವೆಯೇ ನಗು ಬಂತು.

ಇದ್ದ. ಬೆಳಿಗ್ಗೆ ಬರಿಗಾಲಲ್ಲಿ ಊರು ಸುತ್ತುತ್ತಿದ್ದ. ಕಮ್ಮಾರನ ತಿದಿಯೊತ್ತುತ್ತ, ನೇಕಾರರ ಜಗಲಿಯಲ್ಲಿ ಕೂರುತ್ತ, ತನ್ನ ಜನರ ಮಾತು, ಮುನಿಸು, ಬೈಗುಳಗಳನ್ನೆಲ್ಲ ಕಲಿತ. ವರ್ಷ ಕಳೆದು ಪಟ್ಟವೇರಿದಾಗ ಸಾಹೇಬರ ಹಿಡಿತವೇನೂ ಸಡಿಲವಾಗಲಿಲ್ಲ. ಆದರೆ ಅಂಗಳದಲ್ಲಿ ನೆರೆದ ಮುಖಗಳಲ್ಲಿ ಅವನಿಗೆ ಗುರುತಿಲ್ಲದವು ಕಡಿಮೆಯೇ ಇದ್ದವು.