ಈಗ ಕೂಗಿದ್ದು ಯಾವುದು

ಕೊಕ್ಕು ಮರಕ್ಕೆ ಬಡೀತಿದೆ, ಸದ್ದಿಲ್ಲ, ಗಾಜಿನಾಚೆ ಯಾರೋ ಮೊಳೆ ಹೊಡೆದ ಹಾಗೆ — ದುರ್ಬೀನು ಇಳಿಸಿದರೆ ಅದೂ ಇಲ್ಲ, ಒಣಮರ, ಪೊಟರೆ, ಪಕ್ಕದ ಮಡಚುಕುರ್ಚಿಯಲ್ಲಿ ನನ್ನ ಹೆಂಡತಿ, ನಿಮ್ಮ ಹಕ್ಕಿ ನಿಮಗೇ ಇರಲಿ ಅಂತಿದ್ದವಳು ಇವತ್ತು ಹಟ ಹಿಡಿದು ಬಂದಿದ್ದಾಳೆ, ಯಾಕೆ ಇವತ್ತೇ, ಅಗೋ ಸೋಮಾರಿ ಬಂದ, ಹೋದ ವರ್ಷದ ಮಗ, ಈ ಸಲದ ಮರಿಗಳಿಗೆ ಉಣಿಸೋಕೆ ಅಪ್ಪ ಅಮ್ಮನ ಜೊತೆ ಉಳಿದವನು, ಉಣಿಸೋದೇನು ಬಂತು, ಹುಳು ಕಚ್ಚಿಕೊಂಡು ಬರ್ತಾನೆ, ಪೊಟರೆಗೆ ತಲೆ ಹಾಕ್ತಾನೆ, ಅಪ್ಪ ಅತ್ತ ತಿರುಗಿದ್ದೇ ತಡ ತಾನೇ ನುಂಗ್ತಾನೆ, ಥೇಟ್ ನಿಮ್ಮ ತಮ್ಮ ಕಣ್ರೀ, ನನ್ನ ಕಿವಿಗೇ ಬಾಯಿಟ್ಟು ಅಂದು ಇವಳು ನಗ್ತಾಳೆ, ನಾನೂ ನಗ್ತೀನಿ, ಈ ಮರಕುಟಿಗಗಳ ಸಂಸಾರವನ್ನ ನಾನು ಕಣ್ಣಿಂದ ಅರಿತದ್ದು ಕಡಿಮೆ, ಎಲೆಮರೆಯಲ್ಲಿ ಯಾರು ಕರೆದರು, ಯಾರು ಓಗೊಟ್ಟರು, ಯಾರು ಗದರಿದರು, ಯಾರು ತಗ್ಗಿದರು, ಎಲ್ಲ ಕಿವಿಯಿಂದಲೇ, ಆ ಕಿವಿಗೆ ದೀಪ ಹಿಡಿದು ಡಾಕ್ಟರು ಅಂದರು, ನರವೇ ಸೋತಿದೆ ಸಾರ್, ಸಣ್ಣ ಸ್ವರ ಮೊದಲು ಹೋಗುತ್ತೆ, ಆಮೇಲೆ ಉಳಿದದ್ದು, ಮಿಷನ್ ಹಾಕಿದರೆ? ಗದ್ದಲ ಜೋರಾಗುತ್ತೆ ಅಷ್ಟೆ, ಮಾತು ತಿಳಿಯಲ್ಲ, ಮನೆಯವರನ್ನ ಕರ್ಕೊಂಡು ಬನ್ನಿ — ಕರ್ಕೊಂಡು ಹೋಗಲಿಲ್ಲ, ಏನಂತ ಹೇಳೋದು, ಕುಕ್ಕರ್ ಯಾಕೆ ಆರಿಸಲಿಲ್ಲ ಅಂದಳು, ಓದ್ತಿದ್ದೆ ಅಂದೆ, ಅಷ್ಟು ಹೊತ್ತು ಬೆಲ್ ಮಾಡಿದೆನಲ್ಲ ಅಂದಳು, ಕಣ್ಣು ಹತ್ತಿತ್ತು ಅಂದೆ, ಅವಳು ಒಂದು ಗಳಿಗೆ ದಿಟ್ಟಿಸಿ ಒಳಗೆ ಹೋದಳು, ಆ ನೋಟಕ್ಕೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು — ಇದೇನು, ಎಲ್ಲವೂ ತೊಗಟೆಗೆ ಅಂಟಿಕೊಂಡು ನಿಂತುಬಿಟ್ಟಿವೆ, ಅಪ್ಪ, ಅಮ್ಮ, ಸೋಮಾರಿ ಕೂಡ, ಗಿಡುಗ ಬಂದಿರಬೇಕು, ಎಚ್ಚರಿಸಿದ್ದು ಯಾರೋ, ಅಮ್ಮನೋ, ಮಗನೋ, ಅದೇ ತಾನೇ ನಾನು ಹಿಡೀಬೇಕಾದದ್ದು, ಇವಳು ತೋಳು ಮುಟ್ಟಿ ಕಿವಿಯ ಹತ್ತಿರ ಬಗ್ಗಿದಳು, ರೀ, ಈಗ ಕೂಗಿದ್ದು ಯಾವುದು, ಹೆಣ್ಣು ಅಂದೆ, ತಡವರಿಸದೆ, ಹೆಣ್ಣು, ಮಗನನ್ನ ಕರೀತಿದೆ, ಕೇಳು ಎಷ್ಟು ಸಣ್ಣಗೆ, ಪಾಠ ಒಪ್ಪಿಸಿದ ಹಾಗೆ ಒಪ್ಪಿಸಿದೆ, ಅವಳು ತೋಳು ಬಿಡಲಿಲ್ಲ, ಯಾವುದೂ ಕೂಗಲಿಲ್ಲ ರೀ, ಅಂದಳು, ಆಗಿನಿಂದ ಒಂದೂ ಕೂಗಿಲ್ಲ. ಗಿಡುಗ ಹೋಯಿತೋ ಏನೋ, ಮರದ ಮೇಲೆ ಏನೋ ಅಲುಗಿತು, ನಾನು ನೋಡಲಿಲ್ಲ, ಇವಳು ಹಿಂದೆ ಸರಿದು ಇನ್ನೂ ಏನೋ ಹೇಳ್ತಿದ್ದಾಳೆ, ಬೈತಿದ್ದಾಳೋ, ಸಮಾಧಾನ ಮಾಡ್ತಿದ್ದಾಳೋ, ಕೇಳಿಸ್ತು ಅನ್ನೋ ಹಾಗೆ ತಲೆ ಆಡಿಸ್ತೀನಿ, ಅವಳ ಕಣ್ಣಲ್ಲಿ ನೀರು, ಮತ್ತೆ ತಲೆ ಆಡಿಸ್ತೀನಿ, ಗಾಳಿ ಮಾತ್ರ ಮುಖಕ್ಕೆ ತಾಗ್ತಿದೆ, ತುಟಿ ಕೂಡುತ್ತೆ, ಬಿಡುತ್ತೆ, ತುಟಿ ಕೂಡುತ್ತೆ, ಬಿಡುತ್ತೆ, ತುಟಿ ಕೂಡುತ್ತೆ