ಕೊರಳಿನ ಅಂಚು

"ಸ್ಟ್ಯಾಂಡಿನಿಂದ ಎತ್ತಿ ನೋಡ್ಲೇನ್ರಿ, ಡಾಕ್ಟ್ರ?" ವೀರಣ್ಣ ಎರಡನೆಯ ಸಲ ಕೇಳಿದ. ಕೇಶವಮೂರ್ತಿ ಮೊದಲಿನಂತೆಯೇ ನಕ್ಕು, ಅದು ಎರಡೂವರೆ ಸಾವಿರ ವರ್ಷದ ಗ್ರೀಕ್ ಅಮೃತಶಿಲೆಯ ತಲೆ, ಕೈಕಟ್ಟಿಕೊಂಡು ನೋಡಬೇಕು ಎಂದ. ನಗುತ್ತಲೇ ಅವನ ಅಂಗೈ ಆ ಕಲ್ಲಿನ ತಲೆಯ ಕರಿಮರದ ಪೀಠವನ್ನು ಒತ್ತಿ ಹಿಡಿದದ್ದನ್ನು ಅವನ ಹೆಂಡತಿ ವಸಂತಾ ಕಂಡಳು.

ಮೇರಿಲ್ಯಾಂಡಿನಲ್ಲಿ ಏಳುತ್ತಿದ್ದ ದೇವಸ್ಥಾನದ ಕಂಬ ಕಡೆಯಲು ಬಾದಾಮಿಯ ಕಡೆಯಿಂದ ಆರು ತಿಂಗಳ ಮಟ್ಟಿಗೆ ಬಂದಿದ್ದ ಶಿಲ್ಪಿ ವೀರಣ್ಣ. ಅವನನ್ನು ಭಾನುವಾರದ ಊಟಕ್ಕೆ ಕರೆದವಳು ಅವಳೇ. ಊಟ ಬರೀ ನೆಪ. ವಾಷಿಂಗ್ಟನ್ನಿನ ವ್ಯಾಪಾರಿಯೊಬ್ಬನಿಂದ ಗಂಡ ಎರಡು ವರ್ಷದ ಹಿಂದೆ ತಂದಿದ್ದ ಈ ಹೆಣ್ಣಿನ ತಲೆ ನಕಲಿಯೆಂದು ಅವಳ ಅನುಮಾನ. ಈಗ ಅದು ಕ್ಯಾರೊಲಿನಾದ ಕಾಲೇಜೊಂದರ ಮ್ಯೂಸಿಯಂಗೆ ಹೊರಟಿತ್ತು; ಅಲ್ಲಿನ ಒಂದು ಕೋಣೆಗೆ ಇವರಿಬ್ಬರ ಹೆಸರಂತೆ. ನ್ಯಾಯವಾಗಿ ನಮ್ಮ ಕೈಗೆ ಬಂದದ್ದು ಎಂದು ಬರೆದಿದ್ದ ದಾನಪತ್ರಕ್ಕೆ ಗಂಡನ ಸಹಿ ಬಿದ್ದಾಗಿತ್ತು. ಅವಳ ಸಹಿಯ ಗೆರೆ ಖಾಲಿ. ನಾಳೆ ಬೆಳಿಗ್ಗೆ ಕಾಗದ ಕಳಿಸಬೇಕು.

ಸೊಂಟದ ಪೇಜರ್ ಕೂಗಿತು. ಕೇಶವಮೂರ್ತಿ ಆಸ್ಪತ್ರೆಗೆ ಫೋನ್ ಮಾಡಲು ಮಹಡಿ ಹತ್ತಿದ.

ವೀರಣ್ಣ ಅವಳ ಮುಖ ನೋಡಿದ. ಅವಳು ಹೂಂ ಅನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಅವನು ತಲೆಯನ್ನು ಎದೆಗವಚಿ ಪೀಠದ ಕಬ್ಬಿಣದ ಸರಳಿನಿಂದ ಬಿಡಿಸಿದ. ಅತ್ತಿತ್ತ ನೋಡಿ, ಅಡಿಗೆಮನೆಗೆ ಒಯ್ದು ಫ್ರಿಜ್ಜಿನ ಮೇಲಿಟ್ಟ. "ನೀವು ಕೆಳಗ ಕೂಡ್ರಿ, ಅಕ್ಕಾರ."

ವಸಂತಾ ನೆಲದ ಮೇಲೆ ಕೂತಳು. ನಡುಮನೆಯಲ್ಲಿ ಎದುರಿಗಿದ್ದಾಗ ಆ ಮುಖ ಸೊಟ್ಟ: ಒಂದು ಕೆನ್ನೆ ಉಬ್ಬು, ಗಲ್ಲ ಭಾರ. ಅವಳ ಅನುಮಾನ ಶುರುವಾದದ್ದೇ ಅಲ್ಲಿಂದ. ಈಗ ಕೆಳಗಿನಿಂದ ನೋಡಿದರೆ ಕೆನ್ನೆಗಳು ಸಮಕ್ಕೆ ಬಂದಿದ್ದವು. ರೆಪ್ಪೆ ಬಾಗಿಸಿ ಯಾರೋ ಅವಳನ್ನೇ ನೋಡುತ್ತಿದ್ದರು.

"ಇದು ಗುಡಿ ಮ್ಯಾಲ ಎತ್ತರದಾಗ ಇದ್ದ ಮುಖ. ಕೆಳಗ ನಿಂತಾವ್ರಿಗೆ ನೆಟ್ಟಗ ಕಾಣ್ಲಿ ಅಂತ ಬೇಕಂತನ ವಾರೆ ಕಡದಾರ. ನಕಲಿ ಮಾಡಾವ ಇಷ್ಟು ದುಡಿಯೂದಿಲ್ಲ." ಅವನು ಕತ್ತೆತ್ತಿ ಆ ಮುಖ ನೋಡಿದ. "ಮೂಗು ಹೋದ್ರೂ ಸೊಕ್ಕು ಹೋಗಿಲ್ಲ ನೋಡ್ರಿ ಈಕಿದು."

ವಸಂತಾಳಿಗೆ ನಗು ಬಂತು. ಹಿಂದೆಯೇ ನಾಚಿಕೆಯೂ ಆಯಿತು. ಎರಡು ವರ್ಷ ಸುಮ್ಮನೆ ಗಂಡನನ್ನು ಪೆದ್ದನೆಂದುಕೊಂಡಿದ್ದಳಲ್ಲ.

ತಲೆಯನ್ನು ಇಳಿಸುವಾಗ ವೀರಣ್ಣನ ಕೈ ಕೊರಳಿನ ಅಡಿಗೆ ಹೋಯಿತು. ಊಟದ ಮೇಜಿನ ಮೇಲೆ ದಾನಪತ್ರದ ಪಕ್ಕದಲ್ಲಿ ಟವೆಲ್ ಹಾಸಿ ತಲೆಯನ್ನು ಮಲಗಿಸಿದ. ಕೆನ್ನೆಯ ಕಲ್ಲಿಗೆ ಜೇನಿನ ಬಣ್ಣ. ಮುರಿದ ಕೊರಳು ಹಾಲುಬಿಳುಪು. ಅಂಚಿನಲ್ಲಿ ಒಂದೇ ಅಂತರಕ್ಕೆ ಮೂರು ಅರ್ಧ ತೂತುಗಳು. ಅವನು ಒಂದೊಂದರಲ್ಲೂ ಕಿರುಬೆರಳಿಟ್ಟು ನೋಡಿದ.

"ಇದು ಬಿದ್ದು ಮುರದದ್ದಲ್ರಿ, ಅಕ್ಕಾರ. ತೂತು ಹೊಡ್ಯೂ ಮಶೀನ್ ಹಚ್ಚಿ ತಗದಾರ. ಭಾಳ ದಿನಾನೂ ಆಗಿಲ್ಲ." ಬೆರಳು ತೆಗೆದು ಹೇಳಿದ: "ಮೈ ಎಲ್ಲೋ ಉಳದೈತಿ."

ಅದು ಗುಡಿಯಿಂದ ಕದ್ದು ತಂದದ್ದೆಂದು ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಆಸ್ಪತ್ರೆಯ ಲ್ಯಾಬಿನಲ್ಲಿ ಇಪ್ಪತ್ತು ವರ್ಷ, ಸರ್ಜನ್ನರು ಕೊಯ್ದು ಕಳಿಸಿದ ತುಣುಕುಗಳ ಅಂಚು ನೋಡುವುದೇ ಅವಳ ಕೆಲಸ.

ಕೇಶವಮೂರ್ತಿ ಇಳಿದು ಬಂದು ಕೊನೆಯ ಮೆಟ್ಟಿಲಲ್ಲಿ ನಿಂತ. ಬಯ್ಯಲಿಲ್ಲ. ಅದೇ ಅವಳಿಗೆ ಸರಿಬರಲಿಲ್ಲ.

"ರೀ, ಇದರ ಕತ್ತು ಒಂದ್ಸಲ ನೋಡಿ."

"ಅರ್ತ್‌ಕ್ವೇಕಲ್ಲಿ ಬಿದ್ದಿದ್ದು ಅಂತ ಪೇಪರ್ಸಲ್ಲಿ ಇದೆಯಲ್ಲ."

"ಪೇಪರ್ಸ್ ಬೇಡ. ಕತ್ತು ನೋಡಿ."

"ನೋಡಿದೀನಿ, ವಸಂತಾ." ಅವನ ದನಿ ರೋಗಿಯ ಮನೆಯವರೊಡನೆ ಮಾತಾಡುವಾಗಿನಷ್ಟೇ ಮೆತ್ತಗಿತ್ತು. "ಕತ್ತು ಮುಚ್ಚೋ ಹಾಗೆ ಆ ಸ್ಟ್ಯಾಂಡ್ ಮಾಡ್ಸಿದ್ದು ಯಾರು ಅಂದ್ಕೊಂಡೆ?"

ಬಟ್ಟಲಿನಲ್ಲಿ ಪಾಯಸ ಹಾಗೇ ಇತ್ತು. ವೀರಣ್ಣ ಸಿಂಕಿನಲ್ಲಿ ಕೈ ತೊಳೆದ, ಬಹಳ ಹೊತ್ತು ತೊಳೆದ. ಬರ್ತೀನ್ರಿ ಎಂದ. ಅವನನ್ನು ಬಿಟ್ಟುಬರಲು ಕೇಶವಮೂರ್ತಿ ಕಾರಿನ ಕೀ ತೆಗೆದುಕೊಂಡ. ಹೋಗುವಾಗ ಪೆನ್ನಿನ ಮುಚ್ಚಳ ತೆಗೆದು, ಪೆನ್ನನ್ನು ದಾನಪತ್ರದ ಪಕ್ಕಕ್ಕಿಟ್ಟ. ಗ್ಯಾರೇಜಿನ ಬಾಗಿಲು ಎದ್ದು ಇಳಿಯಿತು.

ವಸಂತಾ ಕಾಗದವನ್ನು ಹತ್ತಿರಕ್ಕೆಳೆದಳು. ಅವಳ ಹೆಸರಿನ ಖಾಲಿ ಗೆರೆಯ ಮೇಲೆ, ಕೊರಳಿನಿಂದ ಉದುರಿದ ನಾಲ್ಕು ಬಿಳಿ ಹರಳುಗಳಿದ್ದವು, ಸಕ್ಕರೆಯಂಥವು. ಊದಿದರೆ ಹಾರಿಹೋಗುತ್ತಿದ್ದವು. ಅವು ಹಾರದಂತೆ ಅವಳು ಉಸಿರು ಬಿಗಿಹಿಡಿದು ಕೂತಳು.