ಬಾಗಿಲು ಹಾಕಿ ಆಡಿದ ಮಾತು

ಶ್ರೀನಿವಾಸಪುರದ ಸುತ್ತಮುತ್ತ ಜಗಳ ಆದರೆ ಪೊಲೀಸರಿಗಿಂತ ಮೊದಲು ಸುನಂದಮ್ಮನಿಗೆ ಹೇಳಿಕಳಿಸುತ್ತಾರೆ. ಎರಡೂ ಕಡೆಯವರನ್ನು ಬೇರೆ ಬೇರೆ ಕೂರಿಸಿ ಕೇಳುವುದು ಅವಳ ಪದ್ಧತಿ. ಒಳಗೆ ಆಡಿದ ಮಾತು, ಆಡಿದವರೇ ಒಪ್ಪದ ಹೊರತು, ಹೊರಗೆ ಬರುವಂತಿಲ್ಲ. ಈ ನಿಯಮ ಮಾಡಿದವಳೂ ಅವಳೇ, ಹನ್ನೊಂದು ವರ್ಷದಿಂದ ಮುರಿಯದವಳೂ ಅವಳೇ.

ಕೋದಂಡರಾಮಪ್ಪನ ಏಳು ಮಾವಿನ ಮರಗಳ ತೊಗಟೆಯನ್ನು ಯಾರೋ ಸುತ್ತಲೂ ಕೆತ್ತಿ ಒಣಗಿಸಿದ್ದರು. ಈ ಸಲ ಆ ತೋಪಿನ ಗುತ್ತಿಗೆ ಕೈತಪ್ಪಿದ ಮುಬೀನನ ಮೇಲೇ ಮುದುಕನಿಗೆ ಅನುಮಾನ.

ಬಾಗಿಲು ಹಾಕಿಕೊಂಡು ಕೂತಾಗ ಮುಬೀನ್ ತಲೆ ತಗ್ಗಿಸಿ ಹೇಳಿದ: “ಕೆತ್ತಿದ್ದು ನಿಮ್ಮ ಯಜಮಾನ್ರು ಅಕ್ಕ. ಕಣ್ಣಾರೆ ನೋಡ್ದೆ. ಆದ್ರೆ ಇದು ಹೊರಗೆ ಹೋಗ್ಬಾರ್ದು. ಊರವರ ಮೇಲೆ ಹೇಳ್ದೋನಿಗೆ ನಾಳೆ ಯಾರು ತೋಪು ಕೊಡ್ತಾರೆ?”

ಸುಳ್ಳು ಅನ್ನಲು ಅವಳಿಗೆ ಬಾಯಿ ಬರಲಿಲ್ಲ. ಆ ಮರಗಳ ನೆರಳು ನಮ್ಮ ಹಿಪ್ಪುನೇರಳೆ ಮೇಲೆ ಬೀಳುತ್ತೆ ಅಂತ ಗಂಡ ಚಂದ್ರಮೋಹನ ವರ್ಷವೆಲ್ಲ ಗೊಣಗಿದ್ದ. ಈಗ ಅವನನ್ನೂ ಕೇಳುವಂತಿಲ್ಲ. ಕೇಳಿದರೆ ಮುಬೀನನ ಹೆಸರು ಬಿಟ್ಟುಕೊಟ್ಟಂತೆ. ಎಷ್ಟು ಬೇಡಿಕೊಂಡರೂ ಮುಬೀನ್ ಒಪ್ಪಲಿಲ್ಲ. ಹಾಳು ನಿಯಮ.

ಹೊರಗೆ ಕೋದಂಡರಾಮಪ್ಪ ಕಾಯುತ್ತಿದ್ದ. “ಇವನಲ್ಲದಿದ್ರೆ ಮತ್ಯಾರು, ಹೇಳಮ್ಮ. ನೀನು ಹೇಳಿದ್ರೆ ನಂಬ್ತೀನಿ.”

ಅವಳು ಸುಮ್ಮನಿದ್ದಳು. ಮುದುಕ ಆ ಮೌನಕ್ಕೆ ತನ್ನದೇ ಅರ್ಥ ಕಟ್ಟಿ, ಮುಬೀನನ ಕಾಲ ಬಳಿ ಕ್ಯಾಕರಿಸಿ ಉಗಿದ.

ಕರೆದುಕೊಂಡು ಹೋಗಲು ಗಂಡ ಸ್ಕೂಟರ್ ತಂದಿದ್ದ. ದಾರಿಯಲ್ಲಿ ಕೇಳಿದ: “ಒಳಗೆ ಏನಂದ ಅವನು?”

“ಒಳಗಿನ ಮಾತು ಹೇಳಲ್ಲ.”

“ಒಳ್ಳೇ ನಿಯಮ ಕಣೇ ನಿಂದು,” ಅಂದ ಚಂದ್ರಮೋಹನ. “ಯಾವತ್ತೂ ಮುರೀಬೇಡ.”